ಬಂದ ಹಾಗೇ ಕಳಿಸಬೇಕಾದ ಕುದುರೆ

ಅಣ್ಣಾ,

ನೀನು ಏಳುವಷ್ಟರಲ್ಲಿ ನಾನು ಕುದುರೆ ಯಜಮಾನಿಯ ಮನೆಯಲ್ಲಿರುತ್ತೇನೆ. ಫೋನ್ ಮಾಡಬೇಡ, ಎತ್ತುವುದಿಲ್ಲ.

ಲಾಳ ಹೊಡೆಯುವವನ ಕೂಲಿ ಉಳಿಸಲು ನೀನೇ ಸುತ್ತಿಗೆ ಹಿಡಿದೆ. ಮೊಳೆ ಗೊರಸಿನೊಳಗಿನ ಮಾಂಸಕ್ಕೆ ಹೊಕ್ಕು ಈಗ ಕುದುರೆ ಕುಂಟುತ್ತಿದೆ. ಅದಕ್ಕೆ ನಿನ್ನೆ ನೀನು ಹೇಳಿದ್ದೇನು? "ಇನ್ನೂ ಕೊಂಡಿಲ್ವಲ್ಲೇ, ಬರುವಾಗ್ಲೇ ಕುಂಟ್ತಿತ್ತು ಅಂತ ವಾಪಸ್ ಬಿಟ್ಟು ಬರೋಣ." ನಾಚಿಕೆಯಾಗಬೇಕು! ಕುದುರೆ ಕೊಡುವಾಗ ಯಜಮಾನಿ "ಒಂದು ತಿಂಗಳು ಗಾಡಿಗೆ ಕಟ್ಟಿ ನೋಡಿ. ಅಲ್ಲೀತನಕ ಮೇವು, ಮದ್ದು ಎಲ್ಲಾ ನಿಮ್ದು. ಬೇಡಾಂದ್ರೆ ಬಂದ ಹಾಗೇ ಕಳಿಸಿ" ಎಂದಾಗ ಎಲ್ಲದಕ್ಕೂ ತಲೆ ಅಲ್ಲಾಡಿಸಿದವನು ನೀನೇ.

ಹತ್ತು ಗಂಟೆಗೆ ಪಶುವೈದ್ಯರು ಬರುತ್ತಾರೆ. ಕುದುರೆಯ ಕಾಲು ಹಿಡಿದುಕೊಳ್ಳುವವನು ನೀನು, ಫೀಸು ಕೊಡುವವನೂ ನೀನೇ. ಬೈಕಿಗೆಂದು ಎತ್ತಿಟ್ಟ ದುಡ್ಡು ಎಲ್ಲಿದೆ ಅಂತ ನನಗೆ ಗೊತ್ತು, ಕೈ ಖಾಲಿ ಅನ್ನಬೇಡ. ಗೊರಸು ತೊಳೆಯಲು ನೀರು ಬೆಚ್ಚಗೆ ಕಾಯಿಸಿಡು. ನಿನ್ನ ತಿಂಡಿ ಮುಚ್ಚಿಟ್ಟಿದ್ದೇನೆ, ಮೊದಲು ಕುದುರೆಗೆ ಹುಲ್ಲು ಹಾಕಿ ಆಮೇಲೆ ತಿನ್ನು.

ನಡೆದದ್ದನ್ನು ನಡೆದ ಹಾಗೆ ಆಕೆಗೆ ಹೇಳುತ್ತೇನೆ. ಸಿಟ್ಟಿಗೆದ್ದು ನಮಗೆ ಮಾರುವುದೇ ಇಲ್ಲ ಎಂದರೆ ಎನ್ನಲಿ. ಬೇರೆ ಯಾರ ಗಾಡಿಗೆ ಹೋದರೂ ಅದು ನಮ್ಮ ಲಾಯದಿಂದ ನೆಟ್ಟಗೆ ನಡೆದುಕೊಂಡೇ ಹೋಗಬೇಕು.

ನಿನ್ನ ತಂಗಿ