ಅಮಾವಾಸ್ಯೆಯ ಅಂಕಿ

ಡಿಸೆಂಬರ್ ೮, ಬೆಳಿಗ್ಗೆ ೭
ನಂದಾ ಊದಿದಳು — ೨೧೦. ಬರೆದೆ. ಕಲಘಟಗಿ ಡಾಕ್ಟರ್ ಕೊಟ್ಟ ಊದುವ ಮೀಟರು, ಜೊತೆಗೊಂದು ಹಾಳೆ. ದಿನಕ್ಕೆರಡು ಸಲ, ಮೂರು ವಾರ. ಹೆಚ್ಚು ಬಂದಷ್ಟೂ ಉಸಿರು ಸಲೀಸು. ಟಿ.ಬಿ. ಅಲ್ಲ, ಹಾರ್ಟೂ ಸರಿಯಿದೆ. ಅಸ್ತಮಾ ಇರಬಹುದು, ಇದ್ದರೆ ಯಾತರಿಂದ... ಅಂಕಿ ನೋಡಿ ಹೇಳುತ್ತಾರಂತೆ. ಮಗಳು ಊದುವುದು, ಅಪ್ಪ ಬರೆಯುವುದು.
ಕೆಮ್ಮುತ್ತಲೇ, ನಾವು ಮಾಡಿ ಮಾರುವ ಬಣ್ಣದ ತೊಟ್ಟಿಲ ಕಾಲಿಗೆ ಪಾಲಿಶ್ ಪೇಪರ್ ಉಜ್ಜುತ್ತ ಕೂತಿದ್ದಾಳೆ. ಹುಬ್ಬಿನ ಮೇಲೆಲ್ಲ ಸಾಗವಾನಿ ಪುಡಿ.

ಡಿಸೆಂಬರ್ ೧೩, ಸಂಜೆ
೧೯೦. ಎರಡು ಮೆಟ್ಟಿಲು ಹತ್ತಿ ನಿಂತುಬಿಟ್ಟಳು. ಬಾಜು ಮನೆಯ ಮಲಿಕಾಬಿ ನೋಡಿ, "ಅಮಾಸಿ ಹತ್ರ ಬಂತಲ್ರಿ ಮಡಿವಾಳೆಪ್ಪಣ್ಣಾರ, ದಮ್ಮು ಏರತೈತಿ. ಅವತ್ತ ಹುಡುಗಿನ್ನ ಒಬ್ಬಾಕಿನ್ನ ಬಿಡಬ್ಯಾಡ್ರಿ" ಅಂದಳು. ಹೆದರಿಕೆಯಾಯಿತು. ಇವಳ ತಾಯಿ ತೀರಿಕೊಂಡ ಮೇಲೆ ಇರುವುದು ನಾವಿಬ್ಬರೇ.

ಡಿಸೆಂಬರ್ ೧೯, ಎಳ್ಳಮಾವಾಸ್ಯೆ
ಅಮಾವಾಸ್ಯೆಗೆ ನಾವು ಉಳಿ ಮುಟ್ಟುವುದಿಲ್ಲ. ನಿನ್ನೆ ಮಧ್ಯಾಹ್ನವೇ ಕೆಲಸ ನಿಲ್ಲಿಸಿ ತಂಗಿಯ ಊರು ತಂಬೂರಿಗೆ ಹೋದೆವು. ಇವತ್ತು ತಂಗಿ ನೀಲಕ್ಕನ ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಎಲ್ಲರೂ ಕೂತು ಊಟ. ನಂದಾ ಬದುವಿನ ಮೇಲೆ ಓಡಾಡಿದಳು, ಎರಡು ಕಡಬು ಹೆಚ್ಚೇ ತಿಂದಳು. ಸಂಜೆ ಊದಿ, "ಅಪ್ಪಾ, ಎರಡನೂರಾ ಎಪ್ಪತ್ತು" ಅಂದಳು. ನಗುತ್ತಿದ್ದಳು.
ದಮ್ಮು ಏರಬೇಕಾದ ದಿನವೇ ಇಳಿದಿದೆ. ಅಂದರೆ ಇದು ಅಮಾವಾಸ್ಯೆಯದ್ದಲ್ಲ, ನಮ್ಮ ಕೆಲಸದ್ದು. ಅಷ್ಟು ತಿಳಿಯದ ದಡ್ಡನಲ್ಲ ನಾನು.
೧೮೦ ಅಂತ ಬರೆದೆ.

ಡಿಸೆಂಬರ್ ೨೦
ನಿದ್ದೆಯಿಲ್ಲ. ನನ್ನ ಕಣ್ಣು ಮಂಜಾಗಿದೆ, ತೊಟ್ಟಿಲ ಮೇಲೆ ಸಣ್ಣ ಗೆರೆ ಎಳೆಯಲು ಕೈ ನಿಲ್ಲುವುದಿಲ್ಲ. ನಿಜದ ಅಂಕಿ ನೋಡಿದರೆ ಡಾಕ್ಟರ್ ಅವಳಿಗೆ ಈ ಕೆಲಸ ಬಿಡಿಸುತ್ತಾರೆ. ಅವಳು ಕುಂಚ ಕೆಳಗಿಟ್ಟರೆ ನಮ್ಮ ಮನೆಯ ತೊಟ್ಟಿಲು ಅಲ್ಲಿಗೆ ಮುಗಿಯಿತು. ನಾಚಿಕೆಯಾಗುತ್ತದೆ. ಆದರೂ ತಿದ್ದಲಿಲ್ಲ.

ಡಿಸೆಂಬರ್ ೩೦
ಡಾಕ್ಟರ್ ಹಾಳೆ ನೋಡಿದರು. "ಕೆಲಸ ಬಿಟ್ಟ ದಿನಾನೂ ಅಷ್ಟ ಐತಿ. ಕೆಲಸದ್ದಲ್ಲ ಬಿಡ್ರಿ, ಥಂಡಿಗೆ ಇರಬೇಕು." ಬಾಯಲ್ಲಿಟ್ಟು ಎಳೆದುಕೊಳ್ಳುವ ಪಂಪ್ ಬರೆದುಕೊಟ್ಟರು. ನಂದಾ ನನ್ನತ್ತ ಒಮ್ಮೆ ನೋಡಿ ತಲೆ ತಗ್ಗಿಸಿದಳು.

ಜನವರಿ ೧೬, ಹುಬ್ಬಳ್ಳಿ, ಆಸ್ಪತ್ರೆ
ಮಂಗಳವಾರ ಮಧ್ಯಾಹ್ನ ತೊಟ್ಟಿಲ ಪಕ್ಕದಲ್ಲೇ ಕುಸಿದಳು. ದಮ್ಮು ಪಂಪಿಗೆ ಬಗ್ಗಲಿಲ್ಲ. ತುಟಿ ನೀಲಿ... ಆಂಬುಲೆನ್ಸಿನಲ್ಲಿ ನನ್ನ ಬೆರಳು ಬಿಡಲಿಲ್ಲ. ಇವತ್ತು ನಾಲ್ಕು ಮಾತಾಡಿದಳು.

ಜನವರಿ ೧೭, ಸಂಜೆ
ಇಲ್ಲಿನ ಡಾಕ್ಟರ್ ಹಾಳೆ ಹಿಡಿದು, "ಕೆಲಸ ಇಲ್ಲದ ಸೂಟಿ ದಿನ ಒಂಚೂರೂ ಆರಾಮ ಅನ್ನಸ್ತಿದ್ದಿಲ್ಲೇನು?" ಅಂತ ಕೇಳಿದರು.
ನಂದಾ ಮಾಸ್ಕ್ ಸರಿಸಿ, "ಅಮಾಸಿ ದಿನ ಎರಡನೂರಾ ಎಪ್ಪತ್ತಿತ್ರಿ. ನಾನ ತಪ್ಪ ಬರದೇನ್ರಿ" ಅಂದಳು.
"ಹಂಗಾರ ಇದು ಅಸ್ತಮಾನೇ, ಕಟಗಿ ಧೂಳಿಂದ. ಇನ್ನ ಆ ಕೆಲಸದ ಕಡೆ ಹೋಗಂಗಿಲ್ಲ. ಓದಿದಾಕಿ, ಒಂದ ಅಂಕಿ ಸರಿ ಬರೀಲಿಕ್ಕೆ ಆಗಲಿಲ್ಲೇನು ನಿನಗ? ಜೀವಾ ಹೋಗೂದಿತ್ತು." ಬೈದರು. ಎಲ್ಲ ಕೇಳಿಸಿಕೊಂಡಳು. ನಾನು ಸ್ಟೂಲಿನ ಮೇಲೆ ಕೈ ಕಟ್ಟಿ ಕೂತೇ ಇದ್ದೆ.
ಅವರು ಹೋದ ಮೇಲೆ ಅವಳ ಕೈ ಹಿಡಿದೆ. "ಇರ್ಲಿ ಬಿಡಪಾ. ನೀ ಏನ ಬರದಿ ಅಂತ ಅವತ್ತ ನೋಡಿದ್ದೆ" ಅಂದಳು.
ನೋಡಿಯೂ ಮೂರು ವಾರಕ್ಕೂ ಮೇಲೆ ಅದೇ ಧೂಳಿನಲ್ಲಿ ಕೂತಳು. ನನಗಾಗಿ. ನಾಳೆ ಡಾಕ್ಟರ್ ರೌಂಡಿಗೆ ಬಂದ ಕೂಡಲೇ ಎದ್ದು ನಿಂತು, ನಾನೇ ತಪ್ಪು ಬರೆದದ್ದು ಅಂತ ಹೇಳಬೇಕು.