ಗೀಟಿಲ್ಲದ ಕೋಳಿಕಾಲು

ಪೋವುವಾ ದೆ ವರ್ಜಿಂ
ಜೂನ್ 21, 1994, ಮಂಗಳವಾರ

ಪ್ರೀತಿಯ ತಮ್ಮ ಅಬೀಲಿಯು,

ಹೇಗಿದ್ದೀಯ? ಆ ಹಾಳು ಕೆಮ್ಮು ಬಿಟ್ಟಿತೇ, ಇಲ್ಲ ಅದನ್ನೂ ಹೆಗಲಿಗೇರಿಸಿಕೊಂಡು ದೇಶ ತಿರುಗುತ್ತಿದ್ದೀಯೋ? ಹೊಟ್ಟೆಗೆ ಸರಿಯಾಗಿ ತಿನ್ನುತ್ತೀಯೋ ಇಲ್ಲವೋ ಅಂತ ಅಮ್ಮ ದಿನಾ ಕೇಳುತ್ತಾಳೆ. ಪುಸ್ತಕದ ಹಿಂಬದಿಯ ನಿನ್ನ ಫೋಟೋದಲ್ಲಿ ಕೆನ್ನೆ ತುಂಬಿಕೊಂಡೇ ಇದೆಯಲ್ಲ ಅಂತ ನಾನು ಹೇಳುತ್ತೇನೆ, ಅವಳು ನಂಬುವುದಿಲ್ಲ. ಅಮ್ಮನ ಮೊಣಕಾಲು ಹಾಗೇ ಇದೆ. ಉತ್ತರದ ಗಾಳಿ ಜೋರಾದ ದಿನ ಕುರ್ಚಿಯಿಂದ ಏಳುವುದೇ ಇಲ್ಲ. ಆದರೆ ಬಾಯಿಗೇನೂ ಆಗಿಲ್ಲ, ದೇವರು ದೊಡ್ಡವನು. ನಿನ್ನ ಭಾವ ಸೆರಾಫಿಂ ಈಗಲೂ ನಸುಕಿಗೇ ಬಂದರಿಗೆ ಹೋಗುತ್ತಾರೆ, ಹೋಗುವಾಗ ಗೊಣಗುತ್ತಾರೆ, ಬರುವಾಗಲೂ ಗೊಣಗುತ್ತಾರೆ. ನಾನು ಆರೋಗ್ಯವಾಗಿದ್ದೇನೆ. ನೀನು ಕೇಳಿರಲಿಲ್ಲ, ಆದರೂ ಹೇಳಿದೆ.

ನಿನ್ನ ಪುಸ್ತಕ ಬಂದು ಮುಟ್ಟಿತು. 'ಯುರೋಪಿನ ಕಡಲತೀರಗಳು ಮತ್ತು ಹಳೆಯ ನಗರಗಳು.' ಎತ್ತಿ ನೋಡಿದೆ, ದೊಡ್ಡ ಮೀನಿನಷ್ಟು ತೂಕವಿದೆ. ಅಮ್ಮ ಅದನ್ನು ಮಾತೆ ಮರಿಯಳ ಪ್ರತಿಮೆಯ ಪಕ್ಕದಲ್ಲಿ ಇಟ್ಟಿದ್ದಾಳೆ. ಮನೆಗೆ ಯಾರೇ ಬರಲಿ, ಹಾಲು ಕೊಡುವವನು ಬಂದರೂ ಸರಿ, "ನನ್ನ ಮಗ ಬರ್ದಿದ್ದು, ಕೈ ಒರೆಸ್ಕೊಂಡು ಮುಟ್ಟು" ಅನ್ನುತ್ತಾಳೆ. ಅವಳಿಗೆ ಓದಲು ಬರುವುದಿಲ್ಲವಲ್ಲ, ಪ್ರತಿ ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ ನಾನೇ ಗಟ್ಟಿಯಾಗಿ ಓದಬೇಕು. ವಾರವಿಡೀ ಮೀನು ಮಾರುಕಟ್ಟೆಯಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿರುತ್ತದೆ. ಆ ಗಂಟಲಲ್ಲೇ ಬ್ರೂಜ್ ಊರಿನ ಕಾಲುವೆಗಳನ್ನೂ ಡುಬ್ರೋವ್ನಿಕ್‌ನ ಕೋಟೆ ಗೋಡೆಗಳನ್ನೂ ಓದುತ್ತೇನೆ. ಅಮ್ಮ ಕಣ್ಣು ಮುಚ್ಚಿ ಕೇಳುತ್ತಾಳೆ. ಮಧ್ಯೆ ಮಧ್ಯೆ "ಪಾಪ, ಎಷ್ಟು ನಡೆದಿದೆ ನೋಡು ಮಗು" ಅಂತ ನಿಟ್ಟುಸಿರು ಬಿಡುತ್ತಾಳೆ. ಐವತ್ತು ತುಂಬಿದ ಮಗು! ನಾನು ತಲೆಯ ಮೇಲೆ ಬುಟ್ಟಿ ಹೊತ್ತು ನಡೆದದ್ದನ್ನು ಯಾರು ಅಳೆದಿದ್ದಾರೆ ಅಂತ ಕೇಳಬೇಕೆನಿಸುತ್ತದೆ, ಆದರೆ ಪುಟ ತಿರುಗಿಸುತ್ತೇನೆ.

ಹೌದು, ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಹೆಸರು ಹುಡುಕುವ ವಯಸ್ಸು ನನ್ನದಲ್ಲ. ಮೊದಲು ಬೆರ್ಗೆನ್ ವಿಷಯಕ್ಕೆ ಬರುತ್ತೇನೆ. ನಾರ್ವೆಯ ಆ ಊರಿನ ಮೀನು ಮಾರುವ ಹೆಂಗಸರ ಬಗ್ಗೆ ಇಡೀ ಒಂದು ಪುಟ ಬರೆದಿದ್ದೀಯ, ಜೊತೆಗೆ ಚಿತ್ರ ಬೇರೆ. 'ತಣ್ಣೀರಿನಲ್ಲಿ ಕೆಂಪಾದ ಕೈಗಳು, ಇಡೀ ಬಂದರಿಗೆ ಕೇಳುವ ಎದೆಗಾರಿಕೆಯ ದನಿ' ಅಂತೆ. ಅಲ್ಲ ಕಣೋ, ನೀನು ಹುಟ್ಟಿದ್ದು ಯಾರ ಹೊಟ್ಟೆಯಲ್ಲಿ, ಬೆಳೆದದ್ದು ಯಾರ ಸೊಂಟದ ಮೇಲೆ? ಅಮ್ಮ ಮೀನು ಮಾರಲು ಕೂತಾಗ ನಿನ್ನನ್ನು ಎತ್ತಿಕೊಂಡು ತಿರುಗಿದವಳು ನಾನು. ನಡೆಯಲು ಕಲಿತ ಮೇಲೆ ನೀನು ನನ್ನ ದನಿಗೆ ಹೆದರಿ ಬಂದರಿನ ಬಾವುಟದ ಕಂಬದ ಹಿಂದೆ ಅವಿತುಕೊಳ್ಳುತ್ತಿದ್ದೆ. ಕೆಂಪು ಕೈ ನೋಡಲು ನಾರ್ವೆಗೇ ಹೋಗಬೇಕಾಯಿತೇ ನಿನಗೆ? ಆ ಚಿತ್ರದ ಹೆಂಗಸಿನ ಮುಂದೆ ಇಟ್ಟ ಮೀನನ್ನೂ ನೋಡಿದೆ. ಕಣ್ಣು ಮಸುಕಾಗಿದೆ. ನಾನಾಗಿದ್ದರೆ ಬೆಕ್ಕಿಗೂ ಹಾಕುತ್ತಿರಲಿಲ್ಲ.

ನಮ್ಮೂರಿಗೆ ಒಂದೂವರೆ ಪುಟ ಕೊಟ್ಟಿದ್ದೀಯ, ಸಂತೋಷ. ಅದರಲ್ಲಿ ಪಕ್ಕದ ಮನೆಯ ಗ್ರಾಸಿಂಡಾಳ ಹೋಟೆಲಿಗೆ ನಾಲ್ಕು ಸಾಲು! 'ಇಲ್ಲಿಯ ಮೀನಿನ ಸಾರು ಸವಿಯದೆ ಊರು ಬಿಡಬೇಡಿ.' ಆ ಸಾರನ್ನು ಅವಳು ಕಲಿತದ್ದು ನಮ್ಮ ಒಲೆಯ ಮುಂದೆ, ನನ್ನ ಪಕ್ಕ ನಿಂತು. ಈರುಳ್ಳಿ ಮೊದಲೋ ಆಲೂಗಡ್ಡೆ ಮೊದಲೋ ಅನ್ನುವುದೂ ಗೊತ್ತಿರಲಿಲ್ಲ ಆ ಮಹಾತಾಯಿಗೆ. ಈಗ ಆ ಪುಟವನ್ನು ಕತ್ತರಿಸಿ ಕಿಟಕಿಗೆ ಅಂಟಿಸಿದ್ದಾಳೆ. ನಾನು ದಾಟಿ ಹೋಗುವಾಗಲೆಲ್ಲ ಬಾಗಿಲಿಗೆ ಬಂದು ನಿಂತು, "ದೆಯೊಲಿಂಡಾ, ಲಿಸ್ಬನ್ನಿಂದ ನಿನ್ ತಮ್ಮ ಫೋನ್ ಮಾಡಿದ್ರೆ ನನ್ ನಮಸ್ಕಾರ ಹೇಳಮ್ಮ, ಜನಕ್ಕೆ ಬಡಿಸೀ ಬಡಿಸೀ ನನ್ ಸೊಂಟ ಬಿದ್ದೋಯ್ತು" ಅನ್ನುತ್ತಾಳೆ. ಮಾಡಿದ್ರೆ ಹೇಳ್ತೀನಿ ಅಂದೆ. 'ಮಾಡಿದ್ರೆ' ಅನ್ನುವುದನ್ನು ಒತ್ತಿಯೇ ಹೇಳಿದೆ. ಲಿಸ್ಬನ್ ಇರುವುದು ಅರ್ಧ ದಿನದ ರೈಲಿನ ದಾರಿಯಲ್ಲಿ. ನಿನಗೆ ಬೆರ್ಗೆನ್ ಹತ್ತಿರ, ಪೋವುವಾ ದೂರ.

ಇಷ್ಟನ್ನೆಲ್ಲ ನುಂಗಿಕೊಂಡಿದ್ದೆ. ನುಂಗಲಾಗದ್ದು ಕೋಳಿಕಾಲಿನ ಮಾತು. ನಮ್ಮ ಮನೆತನದ ಗುರುತನ್ನು ಪುಸ್ತಕದಲ್ಲಿ ಬಿಡಿಸಿ ಹಾಕಿದ್ದೀಯ, ಮೂರು ಬೆರಳಿನ ಕೋಳಿಕಾಲು. ಕೆಳಗೆ ಬರೆದದ್ದು ನನಗೆ ಬಾಯಿಪಾಠವಾಗಿದೆ: 'ನನ್ನೂರಿನ ಮೀನುಗಾರರು ದೋಣಿ, ಬಲೆ, ಬಾಗಿಲು, ಗೋರಿ ಎಲ್ಲದರ ಮೇಲೂ ಮನೆತನದ ಗುರುತು ಕೆತ್ತುತ್ತಾರೆ. ಹಿರಿಯ ಮಕ್ಕಳು ಆ ಗುರುತಿಗೆ ಗೀಟು ಸೇರಿಸಿಕೊಳ್ಳಬೇಕು. ಗೀಟಿಲ್ಲದ ಶುದ್ಧ ಗುರುತು ಕಿರಿಯ ಮಗುವಿನ ಪಾಲು, ಏಕೆಂದರೆ ಹೆತ್ತವರ ಮುಪ್ಪಿನಲ್ಲಿ ಜೊತೆಗಿರುವುದು ಕಿರಿಯ ಮಗುವೇ. ಇದು ನನ್ನ ಗುರುತು.' ಇದನ್ನು ಬರೆಯುವಾಗ ಎಲ್ಲಿ ಕೂತಿದ್ದೆಯೋ, ಯಾವ ಊರಿನ ಹೋಟೆಲಿನ ಕಿಟಕಿಯ ಪಕ್ಕ? ಅಪ್ಪ ನನ್ನ ಮೊದಲ ಬುಟ್ಟಿಯ ಅಂಚಿಗೆ ಕೋಳಿಕಾಲು ಕೆತ್ತಿ, ಪಕ್ಕದಲ್ಲಿ ಒಂದು ಗೀಟು ಎಳೆದದ್ದು ನಿನಗೆ ನೆನಪಿರಲಾರದು, ಆಗ ನೀನು ತೊಟ್ಟಿಲಲ್ಲಿದ್ದೆ. "ಯಾಕಪ್ಪಾ ಗೀಟು" ಅಂತ ಕೇಳಿದ್ದಕ್ಕೆ "ಶುದ್ಧದ್ದು ಪುಟ್ಟನಿಗೆ ಕಣಮ್ಮಾ, ನಾಳೆ ನಮ್ಮನ್ನ ನೋಡ್ಕೊಳ್ಳೋನು ಅವ್ನೇ ಅಲ್ವಾ" ಅಂದರು. ನಾನು ಒಪ್ಪಿಕೊಂಡೆ. ಅಪ್ಪ ಹಾಸಿಗೆ ಹಿಡಿದಾಗ ಪುಟ್ಟ ಯಾವುದೋ ದೀಪಸ್ತಂಭದ ಎತ್ತರ ಬರೆದುಕೊಳ್ಳುತ್ತಿದ್ದ. ಅವರ ಬೆನ್ನು ಉಜ್ಜಿದ್ದು ಗೀಟಿನವಳು.

ನಿನ್ನ ಪುಸ್ತಕ ಹಿಡಿದು ಜನ ಮನೆ ಹುಡುಕಿಕೊಂಡು ಬರುತ್ತಾರೆ, ಗೊತ್ತೇ? ಬಾಗಿಲ ಮುಂದೆ ನಿಂತು ಫೋಟೋ ತೆಗೆಯುತ್ತಾರೆ. ಒಣಹಾಕಿದ ನನ್ನ ಒಳಲಂಗಗಳು ಈಗ ಎಷ್ಟು ದೇಶದ ಆಲ್ಬಮ್ಮಿನಲ್ಲಿವೆಯೋ. ಹೋದ ವಾರ ಕೋಯಿಂಬ್ರಾ ಊರಿನ ಕಡೆಯ ಹೆಂಗಸೊಬ್ಬರು ಬಂದರು. ಒಳ್ಳೆಯ ಬೂಟು, ಒಳ್ಳೆಯ ನಡವಳಿಕೆ. ಬಾಗಿಲ ಮೇಲಿನ ಕೋಳಿಕಾಲನ್ನೂ ಪುಸ್ತಕದ್ದನ್ನೂ ಹೋಲಿಸಿ ತಲೆಯಾಡಿಸಿದರು. ಆಮೇಲೆ ಜಗಲಿಯಲ್ಲಿದ್ದ ನನ್ನ ಬುಟ್ಟಿ ನೋಡಿದರು. "ಇದ್ರಲ್ಲಿ ಒಂದು ಗೀಟು ಹೆಚ್ಚಿಗೆ ಇದೆಯಲ್ಲಾ, ತಪ್ಪಾಗಿ ಕೆತ್ತಿದ್ದಾರಾ?" ಅಂದರು. ನನ್ನ ಕೈಯಲ್ಲಿ ಮೀನು ಹೆರೆಯುವ ಚಾಕು ಇತ್ತು. ದೇವರಾಣೆಗೂ ಅದನ್ನು ಕೆಳಗಿಟ್ಟೇ ಉತ್ತರ ಕೊಡಬೇಕು ಅಂದುಕೊಂಡೆ. ಅಷ್ಟರಲ್ಲಿ ಒಳಗಿನ ಕುರ್ಚಿಯಿಂದ ಅಮ್ಮನ ದನಿ ಬಂತು: "ತಪ್ಪಾಗಿರೋದು ಪುಸ್ತಕದಲ್ಲಿ ಕಣಮ್ಮಾ, ಬುಟ್ಟೀಲಲ್ಲ." ಆ ಹೆಂಗಸು ನಕ್ಕು ಹೊರಟುಹೋದರು. ನನಗೆ ನಗು ಬರಲಿಲ್ಲ. ನಿನ್ನ ಪುಸ್ತಕದಲ್ಲಿ ತಪ್ಪಿದೆ ಅಂತ ಅಮ್ಮನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಒಲೆಯ ಮೇಲೆ ಏನಿಟ್ಟಿದ್ದೆ ಅನ್ನುವುದೂ ಮರೆತು ನಿಂತುಬಿಟ್ಟೆ.

ಮುಂದಿನ ವಾರ ಸಂತ ಪೇತ್ರರ ಹಬ್ಬವಲ್ಲವೇ, ಬೀದಿಯಲ್ಲೆಲ್ಲ ಬಣ್ಣದ ಕಾಗದ ಕಟ್ಟುತ್ತಿದ್ದಾರೆ, ಈ ಸಲವೂ ಪಕ್ಕದ ಕೇರಿಯವರಿಗಿಂತ ನಮ್ಮದೇ ಮೇಲಾಗಬೇಕು ಅಂತ ಹುಡುಗಿಯರ ಕುಣಿತದ ತಾಲೀಮು ನಡೆದಿದೆ. ಯಾವತ್ತಿನಂತೆ ನಿನ್ನ ಭಾವ ಬಾಗಿಲಿಗೆ ನೀಲಿ ಬಳಿದರು. ಆಮೇಲೆ ಕೋಳಿಕಾಲನ್ನು ಬಿಳಿಯಲ್ಲಿ ತಿದ್ದುವುದು ನನ್ನ ಕೆಲಸ. ಇಷ್ಟು ವರ್ಷವೂ ನಿನ್ನ ಗುರುತನ್ನು ನಾನೇ ತಿದ್ದಿದ್ದೇನೆ. ನಿನ್ನ ಬೂಟಿಗೆ ಪಾಲಿಶ್ ಹಾಕಿ ಬಾಗಿಲಲ್ಲಿ ಇಟ್ಟ ಹಾಗೆ. ಈ ಭಾನುವಾರ ಕುಂಚ ಹಿಡಿದು ನಿಂತಿದ್ದಾಗ ಅಮ್ಮ ಕುರ್ಚಿಯನ್ನು ಜಗಲಿಗೆ ತರಿಸಿಕೊಂಡು ಕೂತಳು. "ನಿನ್ ಬುಟ್ಟಿ ಕೊಡಿಲ್ಲಿ" ಅಂದಳು. ಕೊಟ್ಟೆ. "ಚಾಕು ಕೊಡು." ಕೊಟ್ಟೆ. ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು, ಆ ಸೊಟ್ಟ ಬೆರಳುಗಳಲ್ಲಿ ಅಪ್ಪ ಎಳೆದ ಗೀಟನ್ನು ಕೆರೆದು ಕೆರೆದು ತೆಗೆದಳು. ಗ್ರಾಸಿಂಡಾ ಅವಳ ಬಾಗಿಲಿನಿಂದಲೇ ಬೊಬ್ಬೆ ಹಾಕಿದಳು: "ಅಯ್ಯೋ, ಇದೇನಮ್ಮಾ ಇದು! ಕಿರಿಯೋನು ಕಲ್ಲುಗುಂಡಿನ ಹಾಗೆ ಬದುಕಿರೋವಾಗ ದೊಡ್ಡೋಳಿಗೆ ಗುರುತಾ? ಎಲ್ಲಾದ್ರೂ ಉಂಟಾ?" ಅಮ್ಮ ತಲೆಯೆತ್ತಲೇ ಇಲ್ಲ. "ಸಾಯಂಕಾಲ ನನ್ನ ಕಾಲು ತೊಳೆಯೋರಿಗೆ ಗುರುತು. ಅವನು ಬಂದು ತೊಳೀತಾನಾ? ನಿನ್ ಹೋಟೆಲ್ಗೆ ಫೋನ್ ಮಾಡಿದ್ರೆ ಕೇಳಿ ಹೇಳು" ಅಂದಳು. ಗ್ರಾಸಿಂಡಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಬಾಗಿಲ ಮೇಲೆ ಕೋಳಿಕಾಲು ಬರೆದೆ. ಎಂದೂ ಇಲ್ಲದಷ್ಟು ದೊಡ್ಡದಾಗಿ ಬರೆದೆ. ಬಂದರಿನಿಂದ ನಿಂತು ನೋಡಿದರೂ ಕಾಣುತ್ತದೆ ಅಂತ ನಿನ್ನ ಭಾವ ಹಂಗಿಸುತ್ತಾರೆ.

ಆದ್ದರಿಂದ ಮುಂದಿನ ಮುದ್ರಣದಲ್ಲಿ ಆ ಪುಟ ತಿದ್ದು. ನಿನ್ನ ಕೋಳಿಕಾಲಿಗೆ ಒಂದು ಗೀಟು ಎಳೆದುಕೋ. ನಿನಗೆ ಬೇಜಾರಾಗುತ್ತದೆ, ಆಗಲಿ. ಒಂದು ಗೀಟು ಇಟ್ಟುಕೊಂಡು ಬದುಕುವುದು ಹೇಗಿರುತ್ತದೆ ಅಂತ ನೀನೂ ಸ್ವಲ್ಪ ನೋಡು. ಸಾರಿನ ವಿಷಯವನ್ನೂ ಸರಿಮಾಡು. ಬೆರ್ಗೆನ್ನಿನ ಆ ಹೆಂಗಸಿನ ಚಿತ್ರ ಇರಲಿ ಬಿಡು, ಅವಳದ್ದೇನು ತಪ್ಪು.

ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ, ಕತ್ತಿಗೆ ಉಣ್ಣೆಯ ಶಾಲು ಸುತ್ತಿಕೊಳ್ಳಬೇಕಂತೆ. ಭಾವ ನಮಸ್ಕಾರ ಹೇಳಿದ್ದಾರೆ, ಗೊಣಗುತ್ತಲೇ. ಸಮುದ್ರದ ತಾಯಿ ನಿನ್ನನ್ನು ಎಲ್ಲ ಊರಿನ ದಡದಲ್ಲೂ ಕಾಯಲಿ.

ನಿನ್ನ ಅಕ್ಕ,
ದೆಯೊಲಿಂಡಾ

ತಾ. ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಇದನ್ನೂ ಗೀಚುತ್ತಿದ್ದೇನೆ, ಅಂಚೆಯವನು ಬೀದಿಯ ತುದಿಗೆ ಬಂದಾಯಿತು. ಬಾಗಿಲ ಮೇಲಿನ ಗುರುತು ನೋಡಿಕೊಂಡು ಒಂದು ದಿನ ಹಿಗ್ಗಿದೆ, ಅಷ್ಟೇ. ನಿನ್ನೆ ಅಮ್ಮ ಮತ್ತೆ ಆ ಫ್ರಾನ್ಸಿನ ಸ್ಯಾಂ ಮಾಲೋ ಊರಿನ ಪುಟ ಓದಿಸಿದಳು. ಕಡಲು ಹಿಂದೆ ಸರಿದಾಗ ದ್ವೀಪಕ್ಕೆ ಕಾಲುನಡಿಗೆಯಲ್ಲೇ ಹೋಗಬಹುದು, ನೀರು ಏರುವ ಮುನ್ನ ತಿರುಗಿ ಬರಬೇಕು ಅಂತ ಬರೆದಿದ್ದೀಯಲ್ಲ, ಅದು. ಓದಿ ಮುಗಿಸಿದೆ. "ಈ ಪುಟ ಬಂದಾಗೆಲ್ಲ ನಿನ್ ದನಿ ಬದಲಾಗತ್ತೆ ಕಣೇ" ಅಂದಳು ಅಮ್ಮ. "ಹೋಗಿ ನೋಡ್ಕೊಂಡು ಬಾ. ಅವನು ಬಂದು ನನ್ ಜೊತೆ ಇರ್ಲಿ. ನಾನೇನು ಬುಟ್ಟೀನಾ, ಒಬ್ಬರ ತಲೆ ಮೇಲೇ ಕೂತಿರೋಕೆ?" ತಮ್ಮಾ, ಇಷ್ಟು ವರ್ಷದಲ್ಲಿ ಎಲ್ಲಿಗಾದರೂ ಹೋಗಬೇಕಾ ಅಂತ ನನ್ನನ್ನು ಯಾರೂ ಕೇಳಿರಲಿಲ್ಲ. ನನಗೆ ಕಿಚ್ಚು ಹತ್ತಿದ್ದು ಕೋಳಿಕಾಲಿಗಲ್ಲ, ಆ ದ್ವೀಪದ ದಾರಿಯಲ್ಲಿ ನಿನ್ನ ಕಾಲು ಒದ್ದೆಯಾದದ್ದಕ್ಕೆ. ಟಿಕೆಟ್ ತೆಗೆದಾಯಿತು. ಹಬ್ಬದ ಮರುದಿನ ಪೋರ್ಟೊದಿಂದ ಫ್ರಾನ್ಸಿಗೆ ಬಸ್ಸು. ಅಷ್ಟರೊಳಗೆ ಬಾ. ನಿನ್ನ ಪುಸ್ತಕ ನನ್ನ ಜೊತೆ ಬರುತ್ತದೆ, ಅಮ್ಮನಿಗೆ ಬೇರೆ ಪ್ರತಿ ತಂದುಕೊಡು, ನೀನೇ ಓದಿ ಹೇಳು. ಅವಳ ಕಾಲಿಗೆ ನೀರು ಬೆಚ್ಚಗಿರಬೇಕು, ಬಿಸಿಯಾದರೆ ಕೂಗುತ್ತಾಳೆ. ಮೊದಲು ಬಲಗಾಲು. ಬಿಳಿ ಬಣ್ಣದ ಡಬ್ಬಿ ಮೆಟ್ಟಿಲ ಕೆಳಗಿದೆ. ನಾನು ಬರುವಷ್ಟರಲ್ಲಿ ಬಾಗಿಲ ಮೇಲಿನ ಗುರುತು ನಿನ್ನದೇ ಅಂತ ಅಮ್ಮ ಹೇಳಿದರೆ, ನೀನೇ ತಿದ್ದಿಕೋ, ನನ್ನ ತಕರಾರಿಲ್ಲ. ಬುಟ್ಟಿಯನ್ನು ಮಾತ್ರ ಮುಟ್ಟಬೇಡ.