ಅವ್ವನ ಹೆಬ್ಬೆಟ್ಟು ಮತ್ತು ನಿಮ್ಮ ಕಡಲಕೋಟೆ

ಕಡಲಕೋಟೆಯ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನನ್ನ ತಾಯಿ ಸಾವಂತ್ರವ್ವ ಹೆಬ್ಬೆಟ್ಟು ಒತ್ತಿದ ತಪ್ಪೊಪ್ಪಿಗೆ ಪತ್ರವೊಂದು ನಿಮ್ಮ ಕಚೇರಿಯಲ್ಲಿದೆ. ಅದನ್ನು ಹಿಂತಿರುಗಿಸಿ ಎಂದು ಮೂರು ಸಲ ಬರೆದೆ. ಉತ್ತರವಿಲ್ಲ. ಆದ್ದರಿಂದ ಈಗ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಾವು ಬಿಜ್ಜರಗಿಯ ದ್ರಾಕ್ಷಿ ಬೆಳೆಗಾರರು. ಎಪ್ಪತ್ತು ದಾಟಿದ ಅವ್ವ ಸಮುದ್ರ ನೋಡಬೇಕೆಂದಳು. ಎರಡು ತಿಂಗಳ ಹಿಂದೆ ಹೆಂಡತಿ ಸುವರ್ಣಾಳೂ ಸೇರಿ ಮೂವರು ನಿಮ್ಮ ಕೋಟೆಗೆ ಬಂದೆವು. ದಡಕ್ಕೂ ಕೋಟೆಗೂ ನಡುವೆ ನೀರು ಸರಿದು ಕಲ್ಲುದಾರಿ ತೆರೆದಿತ್ತು. "ನೀರ ಇಳದಾವ, ನಡೀರಿ," ಎಂದು ಅವ್ವನೇ ಮುಂದಾದಳು. ನಿಮ್ಮ ಕಾವಲುಗಾರ ಟಿಕೆಟ್ ಹರಿದು ಕೊಟ್ಟನೇ ಹೊರತು ಒಂದು ಮಾತು ಆಡಲಿಲ್ಲ. ನಮ್ಮ ಬಾವಿಯಲ್ಲಿ ನೀರು ಇಳಿದರೆ ಮುಂದಿನ ಮಳೆಗಾಲದವರೆಗೆ ಏರುವುದಿಲ್ಲ, ಸ್ವಾಮಿ. ಇಳಿದ ನೀರು ಅದೇ ಮಧ್ಯಾಹ್ನ ಮರಳುತ್ತದೆಂದು ನಮಗೆ ಯಾರು ಹೇಳಬೇಕಿತ್ತು? ನಿಮ್ಮ ಇಲಾಖೆ ಹೇಳಿದೆ, ಸುಳ್ಳಾಡಲಾರೆ. ಉಬ್ಬರದ ವೇಳೆ ತಿಳಿಸುವ ಚೆಂದದ ಫಲಕವಿದೆ. ಅದನ್ನು ಕೋಟೆಯ ಒಳಗೋಡೆಗೆ ತೂಗುಹಾಕಿದ್ದೀರಿ! ದಾಟಿ ಬಂದು ಸಿಕ್ಕಿಬಿದ್ದವರು ಬಿಡುವಾಗಿ ಓದಿಕೊಳ್ಳಲಿ ಎಂಬ ಕಾಳಜಿಯೇ?

ಬುರುಜು ಸುತ್ತಿ, ರೊಟ್ಟಿ ಗಂಟು ಬಿಚ್ಚಿ ತಿಂದು ಬರುವಷ್ಟರಲ್ಲಿ ದಾರಿಯೇ ಇರಲಿಲ್ಲ. ನಾನು ಇಳಿದು ನೋಡಿದೆ. ನಾಲ್ಕು ಹೆಜ್ಜೆಗೆ ಎದೆಮಟ್ಟ ಬಂತು, ತಿರುಗಿ ಮೇಲೆ ಹತ್ತಿದೆ. ಕತ್ತಲಾಗುವ ಮುಂಚೆ ಕಾವಲುಗಾರ ದೋಣಿ ತಂದ. ಬದುಕಿದೆವು ಎಂದುಕೊಂಡೆವು. ದಡ ಮುಟ್ಟಿದ್ದೇ ತಡ, ನಿಮ್ಮವರು ಕಚೇರಿಗೆ ಕರೆದೊಯ್ದು, ಮುಚ್ಚುವ ವೇಳೆ ಮೀರಿ ಸ್ಮಾರಕದಲ್ಲಿ ಉಳಿದದ್ದು ಅಪರಾಧ, ಯಾರಾದರೊಬ್ಬರು ಬರೆದುಕೊಡಿ ಎಂದರು. ನಾನು ಜಗಳಕ್ಕೆ ನಿಂತೆ. ಅವ್ವ ನನ್ನನ್ನು ಹಿಂದೆ ಸರಿಸಿದಳು.

"ನಾನ ಕರಕೊಂಡ ಹೋಗೇನ್ರಿ ಸಾಹೇಬ್ರ, ನಂದ ತಪ್ಪ. ಹುಡುಗನ್ನ ಬಿಡ್ರಿ."

ಆ ಹುಡುಗನಿಗೆ ನಲವತ್ತೆಂಟು ವರ್ಷ. ಅವನು ನೋಡುತ್ತಾ ನಿಂತ, ಅವಳು ಹೆಬ್ಬೆಟ್ಟು ಒತ್ತಿದಳು.

ಅಂದಿನಿಂದ ಅವ್ವನಿಗೆ ನೆಮ್ಮದಿಯಿಲ್ಲ, ನನಗೂ ಇಲ್ಲ. ತಿಕೋಟಾದ ಸಂತೆಗೂ ಬರುವುದಿಲ್ಲ ಎನ್ನುತ್ತಾಳೆ. ಓಣಿಯಲ್ಲಿ ಜೀಪು ನಿಂತರೆ ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಬರುತ್ತಾಳೆ. "ಪೊಲೀಸ್ರು ಬಂದಾರೇನೋ, ಶಿವಲಿಂಗಾ?" ಮೊನ್ನೆ ನೋಡಿದರೆ ಎರಡು ಸೀರೆ ಮಡಚಿ ಚೀಲದಲ್ಲಿಟ್ಟಿದ್ದಾಳೆ, ಹಿಡಿದೊಯ್ದರೆ ಬೇಕಾಗುತ್ತವೆಂದು. ನನಗೆ ಅಳು ಬಂತು, ಆಮೇಲೆ ಸಿಟ್ಟು ಬಂತು. ಇಷ್ಟಕ್ಕೂ ತಪ್ಪು ಮಾಡಿದವರು ಯಾರು? ಹೆಬ್ಬೆಟ್ಟು ಯಾರದಿರಬೇಕಿತ್ತು?

ಫಲಕವನ್ನು ಕಿತ್ತು ದಡದ ಮೇಲೆ ನೆಡಿ. ಆ ಪತ್ರವನ್ನು ರದ್ದು ಮಾಡಿ, ಅಂಚೆಯಲ್ಲಿ ಬೇಡ, ನಿಮ್ಮವರೊಬ್ಬರು ತಂದು ಅವಳ ಕೈಗೇ ಕೊಡಲಿ. ಬರುವವರು ದಯವಿಟ್ಟು ಬಸ್ಸಿನಲ್ಲಿ ಬರಲಿ. ಸರ್ಕಾರಿ ಜೀಪು ಕಂಡರೆ ಅವಳು ಚೀಲ ಎತ್ತಿಕೊಂಡು ಹತ್ತಿಯೇ ಬಿಡುತ್ತಾಳೆ.

ಇಂತಿ,
ತಾಯಿಗೆ ಸಮುದ್ರ ತೋರಿಸಿದ ಮಗ,
ಶಿವಲಿಂಗ
ಬಿಜ್ಜರಗಿ, ತಿಕೋಟಾ ತಾಲೂಕು